ಹನ್ನೊಂದು ಹೆಂಗಸರ ಚಿತ್ರ

ಖಾಲ್ತಿ ದೂಜಾಳ ತಲೆಯನ್ನು ಉಳಿದವರಿಂದ ಬಿಡಿಸಿ ತೆಗೆಯಲು ಶಾದ್ಲಿ ಆ ಚಿತ್ರವನ್ನು ಪರದೆಯ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿದ್ದ. ಇಂಥ ಕೆಲಸ ಅವನಿಗೆ ಹಿಡಿಸುತ್ತಿರಲಿಲ್ಲ. ನಬೂಲ್ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮುಖಗಳನ್ನು ತೆಗೆಯುತ್ತ ಬಂದವನು ಯಾರೋ ಫೋನಿನಲ್ಲಿ ಒತ್ತಿದ ಚಿತ್ರವನ್ನು ಕತ್ತರಿಸಿ, ಚೌಕಟ್ಟು ಹಾಕಿ ಕೊಡುವುದೆಂದರೆ ಬೇರೆಯವರು ಉಂಡ ತಟ್ಟೆ ತೊಳೆದ ಹಾಗೆ. ಆದರೆ ಊರೇ ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ದೂಜಾಗೆ ಇಲ್ಲವೆನ್ನುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಎಪ್ಪತ್ತು ದಾಟಿದ ಆಕೆ ತಲೆಯಿಂದ ಕಾಲತನಕ ಹೊದ್ದ ಬಿಳಿ ಸಫ್ಸಾರಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತ, ತನ್ನ ಮೊಮ್ಮಗಳ ಹೊಸ ಮನೆಗೆ ಒಂದು ಫೋಟೋ ಬೇಕೆಂದೂ, ಸ್ಟುಡಿಯೋದ ಸ್ಟೂಲಿನ ಮೇಲೆ ಕೂತರೆ ತಾನು ಹೆಣದ ಹಾಗೆ ಕಾಣುತ್ತೇನೆಂದೂ, ಅದಕ್ಕೇ ತೋಟದಲ್ಲಿ ತೆಗೆದದ್ದನ್ನು ತಂದಿರುವುದಾಗಿಯೂ ಹೇಳಿದ್ದಳು. ಆ ಮಾತಿನಲ್ಲಿದ್ದ ಚುಚ್ಚು ಅವನಿಗೆ ತಾಗಿತ್ತು. ತಾಗದವನಂತೆ ನಕ್ಕು ಫೋನನ್ನು ತಂತಿಗೆ ಸಿಕ್ಕಿಸಿದ್ದ.

ಚಿತ್ರದಲ್ಲಿ ಹನ್ನೊಂದು ಹೆಂಗಸರಿದ್ದರು. ಕಹಿ ಕಿತ್ತಳೆಯ ತೋಟ, ಮರಗಳ ಕೆಳಗೆ ಹಾಸಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಉದುರಿಸಿದ ಹೂವಿನ ಗುಡ್ಡೆ. ಮುಂದಿನ ಸಾಲಿನ ನಡುವೆ ಖಾಲ್ತಿ ದೂಜಾ ಮೊಣಕಾಲು ಮಡಚಿ ಕೂತಿದ್ದಳು. ಅವಳ ಕಿವಿಯ ಸುತ್ತ ಗೆರೆ ಎಳೆಯುತ್ತ ಚಿತ್ರವನ್ನು ಪಕ್ಕಕ್ಕೆ ಸರಿಸಿದಾಗ ಎಡ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಹನ್ನೊಂದನೆಯವಳು ಬಂದಳು. ತಲೆ ಹಿಂದಕ್ಕೆ ಚೆಲ್ಲಿತ್ತು, ತಲೆವಸ್ತ್ರ ಕುತ್ತಿಗೆಗೆ ಜಾರಿತ್ತು, ಬಾಯ್ತುಂಬ ನಗುತ್ತಿದ್ದಳು. ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಕಾಣುತ್ತಿತ್ತು. ಶಾದ್ಲಿ ಮೊದಲು ಆ ಸಂದನ್ನು ಗುರುತಿಸಿದ, ಆಮೇಲೆ ಹೆಂಡತಿಯನ್ನು.

ವಸೀಲಾ ಸೋಮವಾರ, ಗುರುವಾರ, ಶನಿವಾರ ಮಧ್ಯಾಹ್ನ ಪಕ್ಕದೂರು ದಾರ್ ಶಾಬಾನಿಗೆ ತನ್ನ ಸೋದರತ್ತೆ ಮನ್ನೂಬಿಯಾಳ ಮನೆಗೆ ಹೋಗುತ್ತಿದ್ದಳು. ಆ ಅತ್ತೆಯ ಮಂಡಿ ಸೋತಿತ್ತು, ನೋಡಿಕೊಳ್ಳಲು ಸೊಸೆಗೆ ಬಿಡುವಿಲ್ಲವೆಂದು ವಸೀಲಾ ಹೇಳಿದ್ದಳು. ಮಾರ್ಚ್ ಮೊದಲ ವಾರದಿಂದ ಇದು ನಡೆದಿತ್ತು. ಮಗಳು ಓದಲು ಸ್ಫಾಕ್ಸಿಗೆ ಹೋದ ಮೇಲೆ ಬಣಗುಟ್ಟುವ ಮನೆಯಲ್ಲಿ ಅವಳೊಬ್ಬಳೇ ಕೂತು ಏನು ಮಾಡಿಯಾಳು ಎಂದು ಅವನೇ ಹೋಗು ಎಂದಿದ್ದ. ಚಿತ್ರದ ತಾರೀಕು ಪರದೆಯ ಮೂಲೆಯಲ್ಲಿತ್ತು: ಕಳೆದ ಗುರುವಾರ, ಸಂಜೆ ನಾಲ್ಕು ಹತ್ತು. ಆ ಗುರುವಾರ ಅವಳು ಮನೆಗೆ ಬಂದು, ಅತ್ತೆಗೆ ಎಣ್ಣೆ ತಿಕ್ಕಿ ತಿಕ್ಕಿ ತನ್ನ ಕೈ ಸೋತುಹೋಯಿತು ಎಂದು ಬೆರಳುಗಳನ್ನು ನೀವಿಕೊಂಡಿದ್ದಳು. ಅವನು ಆ ಬೆರಳುಗಳಿಗೆ ಕರುಣೆಪಟ್ಟಿದ್ದ.

"ಇದನ್ನ ಯಾರು ತೆಗೆದದ್ದು, ಖಾಲ್ತಿ?" ಎಂದು ಕೇಳಿದ. ದನಿ ಸರಿಯಾಗಿಯೇ ಬಂತು.

"ಯಾರೂ ತೆಗೆದಿಲ್ಲ ಮಗ. ನೀನು ನನ್ನ ತಲೆ ತೆಗಿ, ಸಾಕು."

ಹಾಗೆಂದವಳು ಪರದೆಯ ಕಡೆ ಬಗ್ಗಿದಳು. ಎಡ ಅಂಚಿನ ನಗುಮುಖ ಕಂಡು ಅವಳ ಹಲ್ಲಿನಿಂದ ಬಟ್ಟೆ ಜಾರಿತು. ಆಮೇಲೆ ಸಫ್ಸಾರಿಯ ಅಂಚನ್ನು ಮತ್ತೆ ಕಚ್ಚಿಕೊಂಡು, ಉಳಿದವರನ್ನು ಅಳಿಸಿಬಿಡು, ಮೊಮ್ಮಗಳ ಮನೆಯ ಗೋಡೆಗೆ ಊರ ಹೆಂಗಸರೆಲ್ಲ ಯಾಕೆ ಎಂದಳು. ಫೋನನ್ನು ತಂತಿಯಿಂದ ಅವಳೇ ಕಿತ್ತುಕೊಂಡಳು. ಆದರೆ ಅಷ್ಟರಲ್ಲಿ ಚಿತ್ರ ಅವನ ಯಂತ್ರದೊಳಗೆ ಇಳಿದಾಗಿತ್ತು.

ಅವಳು ಹೋದ ಮೇಲೆ ಶಾದ್ಲಿ ಬಾಗಿಲಿಗೆ ಪರದೆ ಎಳೆದು ಕೂತ. ಮುಖಗಳು ಅವನ ಕಸುಬು. ಯಾರು ನಿಜವಾಗಿ ನಗುತ್ತಿದ್ದಾರೆ, ಯಾರು ಎದುರಿಗಿರುವವನಿಗಾಗಿ ನಗುತ್ತಿದ್ದಾರೆ ಎನ್ನುವುದು ಕಣ್ಣಿನ ಕೆಳಗಿನ ಚರ್ಮದಲ್ಲಿ ಗೊತ್ತಾಗುತ್ತದೆ. ವಸೀಲಾಳ ಕಣ್ಣಿನ ಕೆಳಗೆ ಚರ್ಮ ಸುಕ್ಕುಗಟ್ಟಿತ್ತು. ಅವಳು ನೇರ ಲೆನ್ಸಿನತ್ತ ನೋಡುತ್ತಿದ್ದಳು. ಅಂದರೆ ಲೆನ್ಸಿನ ಹಿಂದೆ ಇದ್ದವನತ್ತ. ಫೋನು ಸೊಂಟದೆತ್ತರದಲ್ಲಿತ್ತು, ಹಾಗಾಗಿ ತೆಗೆದವನು ಕುಕ್ಕುರುಗಾಲಲ್ಲಿ ಕೂತಿರಬೇಕು. ಸೂರ್ಯ ಅವನ ಬೆನ್ನ ಹಿಂದೆ. ಚಿತ್ರದ ಕೆಳ ಅಂಚಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಅಗಲ ಅಂಚಿನ ಹುಲ್ಲಿನ ಟೋಪಿಯ ನೆರಳು ಬಿದ್ದಿತ್ತು. ಶಾದ್ಲಿ ಚಿತ್ರದಲ್ಲಿದ್ದ ಹೆಂಗಸರ ತಲೆಗಳನ್ನು ಎಣಿಸಿದ. ಯಾರ ತಲೆಯ ಮೇಲೂ ಟೋಪಿ ಇರಲಿಲ್ಲ.

ಅವಳ ಮದುವೆಯ ಚಿತ್ರವನ್ನು ಅವನೇ ತೆಗೆದಿದ್ದ. ಇಪ್ಪತ್ತೆರಡು ವರ್ಷದ ಹಿಂದೆ. ಸ್ವಂತ ಮದುವೆಯ ಚಿತ್ರವನ್ನು ಇನ್ನೊಬ್ಬನ ಕೈಗೆ ಕೊಡುವುದು ಅವಮಾನವೆಂದು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಓಡಿಹೋಗಿ ಅವಳ ಪಕ್ಕ ನಿಂತು. ಆಗ ಅವಳು ಹಲ್ಲು ಬಿಟ್ಟು ನಕ್ಕಿದ್ದಳು. ಕತ್ತಲೆಕೋಣೆಯಲ್ಲಿ ಚಿತ್ರ ಮೂಡಿದಾಗ ಆ ಸಂದು ಅವನಿಗೆ ಕಪ್ಪು ಕಡ್ಡಿಯಂತೆ ಕಂಡಿತ್ತು. ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ, ಅಚ್ಚಿನ ಮೇಲೆ ಮೂರೆಳೆಯ ಕುಂಚದಿಂದ ಬಣ್ಣ ತುಂಬಿ ಸಂದನ್ನು ಮುಚ್ಚಿದ್ದ. ವಸೀಲಾಳ ತಾಯಿ ಕಣ್ಣೀರಿಟ್ಟು ಅವನ ಕೈಗೆ ಮುತ್ತಿಟ್ಟಿದ್ದಳು. ವಸೀಲಾ ಚಿತ್ರವನ್ನು ಬಹಳ ಹೊತ್ತು ಹಿಡಿದುಕೊಂಡು, ಚೆನ್ನಾಗಿದ್ದಾಳೆ, ಯಾರ ಮಗಳು ಎಂದು ಕೇಳಿದ್ದಳು. ತಮಾಷೆಯೆಂದೇ ಅವನು ತಿಳಿದಿದ್ದ. ಆಮೇಲೆ ಪ್ರತಿ ವಸಂತದಲ್ಲೂ ಅವಳನ್ನು ಹೂಬಿಟ್ಟ ಮರದ ಕೆಳಗೆ ನಿಲ್ಲಿಸಿ ಒಂದು ಚಿತ್ರ ತೆಗೆಯುತ್ತಿದ್ದ. ಅಷ್ಟರಲ್ಲಿಯೂ ಅವಳ ತುಟಿ ಮುಚ್ಚಿತ್ತು. ತನ್ನ ಹೆಂಡತಿ ಗಂಭೀರ ಸ್ವಭಾವದವಳು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದ. ಎಷ್ಟು ಸಲ ಹೇಳಿದ್ದನೆಂದರೆ ಅದು ಅವಳ ಹೆಸರಿನ ಜೊತೆ ಅಂಟಿಹೋಗಿತ್ತು.

ಆ ಸೋಮವಾರ ಸಂಜೆ ವಸೀಲಾ ಮನೆಗೆ ಬಂದಾಗ ಅವಳ ಮೈಯಿಂದ ಹೂವಿನ ವಾಸನೆ ಬರುತ್ತಿತ್ತು. ಇದುವರೆಗೂ ಬರುತ್ತಲೇ ಇತ್ತು. ಮಾರ್ಚ್ ಕೊನೆಯಲ್ಲಿ ನಬೂಲಿನ ಯಾವ ಮನೆಯಲ್ಲಿ ಆ ವಾಸನೆ ಇರುವುದಿಲ್ಲ ಎಂದುಕೊಂಡು ಅವನು ಗಮನಿಸಿರಲಿಲ್ಲ. ಅತ್ತೆ ಹೇಗಿದ್ದಾಳೆ ಎಂದು ಕೇಳಿದ. ಹಾಗೇ ಇದ್ದಾಳೆ ಎಂದಳು. ಎಣ್ಣೆ ಮುಗಿದಿದ್ದರೆ ತಂದುಕೊಡುತ್ತೇನೆ ಎಂದ. ಇನ್ನೂ ಇದೆ ಎಂದಳು, ಅವನ ಕಡೆ ನೋಡದೆ, ಕೊತ್ತಂಬರಿ ಸೋಸುತ್ತ. ಅವಳ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಮುಳ್ಳು ಗೀರಿದ ಗೆರೆಯಿತ್ತು. ಅದೇನೆಂದು ಕೇಳಲು ಬಾಯಿ ತೆರೆದವನು ಉಪ್ಪು ಕೇಳಿದ. ಕೇಳಿದರೆ ಅವಳು ಇನ್ನೊಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳು ಚೆನ್ನಾಗಿ ಬಂದರೆ, ಹಿಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಹೀಗೇ ಎಷ್ಟು ಚೆನ್ನಾಗಿ ಬಂದಿರಬಹುದು ಎಂದು ಲೆಕ್ಕ ಹಾಕಬೇಕಾಗುತ್ತದೆ. ಊಟಕ್ಕೆ ಕೂತಾಗ ಅವಳು ಯಾವುದೋ ನೆನಪಿಗೆ ತನ್ನಷ್ಟಕ್ಕೆ ನಕ್ಕಳು. ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ನಗು ಹೋಗಿತ್ತು, ತುಟಿ ಮುಚ್ಚಿತ್ತು.

ಚಿತ್ರದ ತೋಟ ಯಾವುದೆಂದು ಮರಗಳ ಸಾಲಿನಿಂದಲೇ ಅವನಿಗೆ ಗೊತ್ತಾಗಿತ್ತು. ಬುಧವಾರ ಅದೇ ತೋಟದಲ್ಲಿ ಕೆಲಸವಿತ್ತು. ವಸಂತದ ಮೂರು ವಾರಗಳಲ್ಲಿ ನಿಶ್ಚಿತಾರ್ಥವಾದ ಜೋಡಿಗಳೆಲ್ಲ ಹೂವಿನ ಕೆಳಗೆ ನಿಲ್ಲಬೇಕೆಂದು ಹಟ ಹಿಡಿಯುತ್ತಾರೆ. ಬನೀ ಖ್ಯಾರ್ ರಸ್ತೆಯಲ್ಲಿರುವ ಹಾಜ್ ಫರ್ಜಾನಿಯ ತೋಟದಷ್ಟು ಒತ್ತಾಗಿ ಹೂಬಿಡುವ ತೋಟ ಸುತ್ತಮುತ್ತ ಇರಲಿಲ್ಲ. ಹಾಜ್ ಶಾದ್ಲಿಗೆ ಪ್ರತಿವರ್ಷ ಬಾಗಿಲು ತೆರೆಸುತ್ತಿದ್ದ. ವಸೀಲಾ ಬರುವ ದಿನ ಅದಲ್ಲವೆಂದು ಗೊತ್ತಿದ್ದರೂ ಗೇಟು ದಾಟುವಾಗ ಅವನ ಕಣ್ಣು ಅವಳನ್ನು ಹುಡುಕಿತು. ಹೂ ಬಿಡಿಸುವ ಹೆಂಗಸರು ಆಚೆ ತುದಿಯಲ್ಲಿದ್ದರು. ಬಾವಿಯ ಪಕ್ಕದ ಚಪ್ಪರದಲ್ಲಿ ಹೂನೀರು ಇಳಿಸುವ ತಾಮ್ರದ ಹಂಡೆಗಳು ಸಣ್ಣಗೆ ಹೊಗೆಯಾಡುತ್ತಿದ್ದವು. ಅಲ್ಲಿ ಒಬ್ಬ ಗಂಡಸಿದ್ದ. ಐವತ್ತರ ಆಸುಪಾಸು, ತೆಳ್ಳಗೆ, ನೀಲಿ ಕೆಲಸದಂಗಿ. ತಲೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ. ಲಸಾದ್ ಎಂದು ಹೆಸರು ಹೇಳಿಕೊಂಡು, ಈ ವರ್ಷದಿಂದ ಹಂಡೆ ನೋಡಿಕೊಳ್ಳುವವನು ತಾನೇ ಎಂದ.

ವರ ಮೆಹ್ರೇಜ್ ಕುಂಬಾರರ ಮನೆಯ ಹುಡುಗ, ವಧು ಯುಸ್ರಾ ಶಾಲೆಯ ಟೀಚರು. ವರನ ತಾಯಿ ಕೈಚೀಲ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಶಾದ್ಲಿ ಮರಗಳ ನಡುವೆ ಓಡಾಡುತ್ತ, ಬೆಳಕು ನೋಡುತ್ತಿರುವವನಂತೆ ನಟಿಸುತ್ತ, ಚಿತ್ರದಲ್ಲಿದ್ದ ಮರವನ್ನು ಹುಡುಕಿದ. ಕವಲೊಡೆದ ಕಾಂಡದ ಮರ. ಸಿಕ್ಕಿತು, ಎದುರಿಗೆ ಮೂರು ಕಾಲಿನ ಮರದ ಏಣಿ. ಇಬ್ಬರನ್ನೂ ಅಲ್ಲೇ ನಿಲ್ಲಿಸಿದ. ವಸೀಲಾ ನಿಂತಿದ್ದ ಜಾಗದಲ್ಲಿ ಯುಸ್ರಾಳನ್ನು. ತಲೆ ಹಿಂದಕ್ಕೆ ಚೆಲ್ಲಲು ಹೇಳಿದ. ಅವಳು ಚೆಲ್ಲಿದಳು. ಹಾಗಲ್ಲ ಎಂದ. ನಗಲು ಹೇಳಿದ. ಅವಳು ನಕ್ಕಳು. ಹಾಗಲ್ಲ, ಯಾರೋ ಏನೋ ಹೇಳಿದರು ಅಂದುಕೊಂಡು, ನಿನ್ನನ್ನು ನೀನು ಮರೆತು, ಎಂದ. ಹುಡುಗಿಗೆ ಕಣ್ಣಂಚು ಒದ್ದೆಯಾಗತೊಡಗಿತು. ಹನ್ನೆರಡನೆಯದೋ ಹದಿಮೂರನೆಯದೋ ಸಲಕ್ಕೆ ಶಾದ್ಲಿಯ ಬಾಯಿಂದ ಬಂದುಬಿಟ್ಟಿತು: "ನಗೋಕೆ ಬರದಿದ್ರೆ ಬಾಯಾದ್ರೂ ಮುಚ್ಚಿಕೋ."

ವರನ ತಾಯಿ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಮೆಹ್ರೇಜ್ ಏನೂ ಜಗಳ ತೆಗೆಯಲಿಲ್ಲ. ಸೀ ಶಾದ್ಲಿಗೆ ಇವತ್ತು ಮೈ ಹುಷಾರಿಲ್ಲ ಅಂತ ಕಾಣುತ್ತೆ, ಒಂದು ಗಳಿಗೆ ಕೂತುಕೊಳ್ಳಲಿ ಎಂದು, ಹಿರಿಯರಿಗೆ ಸಲ್ಲುವ ‘ಸೀ’ ಸೇರಿಸಿ ಮರ್ಯಾದೆಯಿಂದಲೇ ಹೇಳಿ, ಜೇಬಿನಿಂದ ತನ್ನ ಫೋನು ತೆಗೆದು, ಹುಡುಗಿಯ ಕಿವಿಯಲ್ಲಿ ಏನೋ ಅಂದ. ಅವಳು ಮೂಗೊರೆಸಿಕೊಳ್ಳುತ್ತಲೇ ಪಕ್ಕನೆ ನಕ್ಕಳು. ಅವನು ಒತ್ತಿದ. ಇಬ್ಬರೂ ಪರದೆಯ ಮೇಲೆ ತಲೆಗೆ ತಲೆ ತಾಗಿಸಿ ನೋಡಿಕೊಂಡರು. ಅದನ್ನು ಶಾದ್ಲಿಗೆ ತೋರಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಮೂರು ಸಾವಿರ ಮುಖಗಳಿಗೆ ಗದ್ದ ಎತ್ತು, ಭುಜ ಇಳಿಸು ಎಂದು ಹೇಳಿದ್ದ ಕೈ ಈಗ ಸುಮ್ಮನೆ ಲೆನ್ಸಿನ ಮುಚ್ಚಳವನ್ನು ತಿರುಗಿಸುತ್ತಿತ್ತು. ಅವರು ಹೊರಟರು. ಹೊರಡುವಾಗ ತಾಯಿ ಮಾತ್ರ, ದೇವರು ಒಳ್ಳೆಯದು ಮಾಡಲಿ, ಉಳಿದದ್ದನ್ನು ಆಮೇಲೆ ನೋಡೋಣ ಎಂದಳು. ಆ ಆಮೇಲೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಮನೆಗೆ ಹೋಗಬಹುದಿತ್ತು. ಹೋಗದೆ ಚಪ್ಪರದ ಕಡೆ ನಡೆದ. ಲಸಾದ್ ಪೈನ್ ಬೀಜ ಹಾಕಿದ ಟೀ ಕೊಟ್ಟ. ನಿನ್ನದೊಂದು ಫೋಟೋ ತೆಗೆಯುತ್ತೇನೆ ಎಂದು ಶಾದ್ಲಿ ಹೇಳಿದಾಗ ನಾಚಿಕೊಂಡು, ನನ್ನಂಥವನದು ಯಾಕೆ ಎಂದ, ಆಮೇಲೆ ಒಪ್ಪಿದ. ಟೋಪಿ ತೆಗೆಯಬೇಕಾ ಎಂದು ಕೇಳಿದ. ಬೇಡ, ಅದು ಇರಲೇಬೇಕು ಎಂದ ಶಾದ್ಲಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಯಾರನ್ನೂ ಕೂರಿಸಬಾರದೆಂದು ಅವನಿಗೆ ಗೊತ್ತಿತ್ತು. ಕಣ್ಣುಗಳು ಗುಳಿಬಿದ್ದು, ಕೆನ್ನೆ ಸೀಳಿ, ಸಾಧುವೂ ಕಳ್ಳನಂತೆ ಕಾಣುತ್ತಾನೆ. ಅಲ್ಲೇ ಕೂರಿಸಿದ. ಲೆನ್ಸನ್ನು ಆ ಮುಖದ ಹತ್ತಿರ, ಎಷ್ಟು ಹತ್ತಿರವೆಂದರೆ ಗಡ್ಡದ ಬೆವರು ಕಾಣುವಷ್ಟು ಹತ್ತಿರ ತಂದು, ಕಣ್ಣನ್ನು ಹಿಂದೆ ಮರೆಸಿಕೊಂಡು ಪ್ರಶ್ನೆ ಕೇಳತೊಡಗಿದ. ಹೆಂಗಸರು ದಿನಾ ಬರುತ್ತಾರಾ? ಬರುತ್ತಾರೆ. ಯಾರು ಯಾರು?

"ಊರಿನವರೇ, ಸೀ ಶಾದ್ಲಿ. ನಾನು ಹೆಸರು ಕೇಳೋಕೆ ಹೋಗಲ್ಲ. ಅಮ್ಮಾ ಅನ್ನೋ ಹಾಗೆ ಲೆಲ್ಲಾ ಅಂತ ಕರೆದ್ರೆ ಎಲ್ಲರೂ ತಿರುಗ್ತಾರೆ."

ಸಂಜೆ ನಾಲ್ಕರ ಹೊತ್ತಿಗೆ ಎಲ್ಲಿರುತ್ತೀ ಎಂದು ಕೇಳಿದ. ಇಲ್ಲೇ, ಬೆಂಕಿ ಬಿಟ್ಟು ಎಲ್ಲಿಗೆ ಹೋಗಲಿ ಎಂದ. ನಿನ್ನ ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತಾ ಎಂದ. ಲಸಾದ್ ಜೇಬಿನಿಂದ ಗುಂಡಿಯೊತ್ತುವ ಹಳೆಯ ಫೋನು ತೆಗೆದು ತೋರಿಸಿ ನಕ್ಕ. ಚಿತ್ರ ತೆಗೆದದ್ದು ಖಾಲ್ತಿ ದೂಜಾಳ ಫೋನಿನಲ್ಲಿ. ಇವನ ಫೋನು ಯಾವುದಾದರೇನು ಎಂದುಕೊಂಡ ಶಾದ್ಲಿ, ಒತ್ತುತ್ತ. ವಸೀಲಾಳ ಹೆಸರನ್ನು ಇವನು ಎತ್ತುತ್ತಿಲ್ಲ. ಫೋಟೋಗ್ರಾಫರನ ಹೆಂಡತಿ ವಾರಕ್ಕೆ ಮೂರು ಸಲ ಬರುವುದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿಲ್ಲದವನಾದರೆ ಎತ್ತಲಾರ, ಗೊತ್ತಿದ್ದು ಮುಚ್ಚಿಡುವವನೂ ಎತ್ತಲಾರ. ಇಡೀ ಹೊತ್ತು ಲಸಾದ್ ಕಣ್ಣು ಮಿಟುಕಿಸದೆ ಲೆನ್ಸನ್ನೇ ನೋಡುತ್ತಿದ್ದ. ಕೊನೆಗೆ, ಒಂದು ಪ್ರತಿ ಸಿಕ್ಕರೆ ಕೆಲಿಬಿಯಾದಲ್ಲಿರುವ ಮಗಳಿಗೆ ಕಳಿಸುತ್ತೇನೆ, ಅವಳ ತಾಯಿ ತೀರಿಕೊಂಡ ಮೇಲೆ ನಮ್ಮನೆಯಲ್ಲಿ ಫೋಟೋ ತೆಗೆದೇ ಇಲ್ಲ ಎಂದ. ಅಂದರೆ ಹೆಂಡತಿ ಇಲ್ಲದವನು ಎಂದು ಶಾದ್ಲಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಗುರುವಾರ ಬೆಳಿಗ್ಗೆ ಹಾಜ್ ಫರ್ಜಾನಿಯ ಮನೆಗೆ ಹೋದದ್ದು ರೂಢಿಯಂತೆ. ಪ್ರತಿವರ್ಷ ತೋಟದ ಒಂದು ಚಿತ್ರವನ್ನು ಅಚ್ಚು ಹಾಕಿ ಕೊಟ್ಟು ಬರುತ್ತಿದ್ದ. ಬೇರೆ ಉದ್ದೇಶವಿಲ್ಲವೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಎಂಬತ್ತರ ಹಾಜ್ ಅಂಗಳದ ಬಿಸಿಲಿನಲ್ಲಿ ಕಾಲಿಗೆ ಕಂಬಳಿ ಸುತ್ತಿ ಕೂತಿದ್ದ, ಬೆರಳ ನಡುವೆ ಜಪಮಣಿ. ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ತಾನು ತೋಟಕ್ಕೆ ಕಾಲಿಟ್ಟು ಎರಡು ವರ್ಷವಾಯಿತೆಂದು ಕೊರಗಿ, ನೀನು ನೋಡಿ ಬಂದೆಯಲ್ಲ, ಹೇಗಿದೆ ಎಂದು ಕೇಳಿದ.

"ಮರಗಳು ಚೆನ್ನಾಗಿವೆ ಹಾಜ್. ಹೂವೂ ಒಳ್ಳೇದು." ಶಾದ್ಲಿ ಕಾಫಿಯ ಬಟ್ಟಲನ್ನು ಕೆಳಗಿಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅಷ್ಟು ಜನ ಹೆಂಗಸರು. ಗಂಡಸು ಅಂದ್ರೆ ಆ ಲಸಾದ್ ಒಬ್ಬನೇ. ನಗೋ ಸದ್ದು ರಸ್ತೆವರೆಗೂ ಕೇಳುತ್ತೆ. ಹಾಗಂತ ಏನೂ ಇಲ್ಲ ಬಿಡಿ."

ಹಾಜನ ಬೆರಳಲ್ಲಿ ಜಪಮಣಿ ಒಂದು ಮಣಿಯಷ್ಟು ಹೊತ್ತು ನಿಂತು ಮತ್ತೆ ಹೊರಟಿತು. ಮಾತು ಮೊಮ್ಮಕ್ಕಳ ಕಡೆ ಹೊರಳಿತು. ಹೊರಗೆ ಬಂದಾಗ ಶಾದ್ಲಿಗೆ ಬೆನ್ನಿನಿಂದ ಭಾರ ಇಳಿಸಿದಂತೆ ಹಗುರವಾಯಿತು, ಬೀದಿಯ ತಿರುವು ದಾಟುವಷ್ಟರಲ್ಲಿ ತಾನಾಡಿದ ಮಾತನ್ನು ಒಂದೊಂದಾಗಿ ಎಣಿಸತೊಡಗಿದ. ನಾನು ಏನು ಹೇಳಿದೆ? ಇದ್ದದ್ದನ್ನು ಹೇಳಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ವಸೀಲಾ ಎಂದಿನಂತೆ ಅತ್ತೆಯ ಮನೆಗೆಂದು ಹೊರಟಾಗ ಅವನು ಕಿಟಕಿಯಲ್ಲಿ ನಿಂತು, ಅವಳು ಬೀದಿಯ ತುದಿಯಲ್ಲಿ ದಾರ್ ಶಾಬಾನಿನ ಕಡೆ ತಿರುಗದೆ ಎಡಕ್ಕೆ ತಿರುಗುವುದನ್ನು ನೋಡಿದ. ಹೆಜ್ಜೆಯಲ್ಲಿ ಅವಸರವಿತ್ತು, ಶಾಲೆ ಬಿಟ್ಟ ಹುಡುಗಿಯಂತೆ. ಸ್ಟುಡಿಯೋಕ್ಕೆ ಹೋಗಿ ಲಸಾದನ ಚಿತ್ರವನ್ನು ಪರದೆಗೆ ತಂದ. ಕಳ್ಳನ ಮುಖವನ್ನು ಕಾಣುವ ಆಸೆಯಿಂದ ತೆಗೆದದ್ದು. ಗುಳಿಬಿದ್ದ ಕಣ್ಣೊಳಗಿಂದ ಒಬ್ಬ ದಣಿದ ಮನುಷ್ಯ, ಏನನ್ನೂ ಬೇಡದೆ, ಕರೆದ ಅತಿಥಿಯನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದ. ಇಪ್ಪತ್ತಾರು ವರ್ಷಗಳಲ್ಲಿ ತಾನು ತೆಗೆದ ಚಿತ್ರಗಳಲ್ಲೇ ಅದು ಒಳ್ಳೆಯದೆಂದು ಗೊತ್ತಾಗಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದನ್ನು ಮುಚ್ಚಿದ. ಒಳ್ಳೆಯ ನಟನೂ ಹೀಗೆ ನೋಡಬಲ್ಲ ಎಂದುಕೊಂಡ.

ಶನಿವಾರ ಅವಳು ಹೋದ ಅರ್ಧ ಗಂಟೆಗೇ ಮನೆಗೆ ಬಂದಳು. ಶಾದ್ಲಿ ಅಡುಗೆಮನೆಯ ಮೇಜಿನ ಮುಂದೆ ಹಸಿ ಬಟಾಣಿ ಸುಲಿಯುತ್ತ ಕೂತಿದ್ದ. ಅವಳು ತಲೆವಸ್ತ್ರವನ್ನೂ ತೆಗೆಯದೆ ಎದುರಿನ ಕುರ್ಚಿಯಲ್ಲಿ ಕೂತಳು. ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟಳು.

"ನಾನು ಮನ್ನೂಬಿಯಾ ಅತ್ತೆ ಮನೆಗೆ ಹೋಗ್ತಿರಲಿಲ್ಲ," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು, ಬಟಾಣಿಯ ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸುತ್ತ. ಹಾಜ್ ಫರ್ಜಾನಿಯ ತೋಟಕ್ಕೆ ಹೋಗುತ್ತಿದ್ದಳಂತೆ. ಖಾಲ್ತಿ ದೂಜಾ ಕರೆದುಕೊಂಡು ಹೋದದ್ದು. ಹೂ ಬಿಡಿಸುವುದು, ಹಾಡುವುದು, ಬುತ್ತಿ ಹಂಚಿಕೊಂಡು ತಿನ್ನುವುದು, ಸಂಜೆಗೆ ಮನೆ. ಸೋದರತ್ತೆಯ ಮಂಡಿ ನೋವು ನಿಜ, ಆದರೆ ಅವಳನ್ನು ಸೊಸೆ ನೋಡಿಕೊಳ್ಳುತ್ತಾಳೆ. ಇವತ್ತು ಗೇಟಿಗೆ ಬೀಗ. ಹಾಜನ ಮಗ ನಿಂತುಕೊಂಡು, ಇನ್ನು ಮೇಲೆ ಹೆಂಗಸರು ಬರುವುದು ಬೇಡ, ತೋಟದ ಬಗ್ಗೆ ಊರಿನಲ್ಲಿ ಮಾತಾಗುತ್ತಿದೆ, ಹೂವನ್ನು ಗಂಡಾಳುಗಳಿಂದ ಬಿಡಿಸುತ್ತೇವೆ ಎಂದನಂತೆ. ಲಸಾದನನ್ನು ನಿನ್ನೆಯೇ ಕಳಿಸಿಬಿಟ್ಟರಂತೆ. ಅವನು ಹಂಡೆಯ ಬೆಂಕಿ ಆರಿಸಿ, ಬನೀ ಖ್ಯಾರಿನ ತನ್ನ ಮನೆಗೆ ನಡೆದುಕೊಂಡೇ ಹೋದನಂತೆ. ಜೊತೆಗೆ ಹೂ ಬಿಡಿಸುತ್ತಿದ್ದ ಸಾದಿಯಾಳ ಗಂಡ ರಸ್ತೆಯಲ್ಲೇ ಅವಳ ತೋಳು ಹಿಡಿದು, ಅಂಥದ್ದು ಅಲ್ಲಿ ಏನು ನಡೆಯಿತು ಹೇಳು ಎಂದು ಕೇಳಿದನಂತೆ. ಮುಂದಿನ ತಿಂಗಳು ಮದುವೆಯಿರುವ ಹುಡುಗಿಯೊಬ್ಬಳು ಗೇಟಿನ ಮುಂದೆಯೇ ಕೂತು ಅತ್ತಳಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದ ಶಾದ್ಲಿ. ಅವನಿಗೆ ಕೇಳಲು ಸಿಕ್ಕಿದ್ದು ಅದೊಂದೇ.

"ಹೇಳಿದ್ರೆ ನೀನು ಕ್ಯಾಮೆರಾ ತಗೊಂಡು ಬರ್ತಿದ್ದೆ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅಂಗಡಿಗೆ ಹೋದರೆ ರೊಟ್ಟಿ ತರುತ್ತಿದ್ದೆ ಎನ್ನುವ ಹಾಗೆ ಹೇಳಿದಳು. ಅವನು ಬರುತ್ತಿದ್ದುದು ನಿಜ. ಬಂದು, ಹೆಂಗಸರನ್ನು ಬೆಳಕಿಗೆ ತಕ್ಕಂತೆ ಕೂರಿಸಿ, ಇವಳನ್ನು ಮರದ ಕೆಳಗೆ ನಿಲ್ಲಿಸುತ್ತಿದ್ದ. ಆದರೂ ಒಳಗೆ ಐದು ದಿನದಿಂದ ಕುಟುಕುತ್ತಿದ್ದದ್ದು ಸುಮ್ಮನಾಗಲಿಲ್ಲ. ಅದಕ್ಕೆ ತನ್ನದೇ ಬಾಯಿ ಇದ್ದಂತೆ ಕೇಳಿಬಿಟ್ಟಿತು: "ಮತ್ತೆ ಆ ಫೋಟೋ ತೆಗೆದವನು ಯಾರು?"

"ಯಾವ ಫೋಟೋ?"

ಅವನು ಇನ್ನೊಂದು ಬಟಾಣಿ ಎತ್ತಿಕೊಂಡ. ವಸೀಲಾ ಸಿಪ್ಪೆ ಜೋಡಿಸುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಒಂದೊಂದೇ ವಿಷಯ ಬಂದು ನಿಲ್ಲುವುದು ಅವನಿಗೆ ಕಾಣುತ್ತಿತ್ತು: ಖಾಲ್ತಿ ದೂಜಾ ಸ್ಟುಡಿಯೋಕ್ಕೆ ಹೋಗಿದ್ದು, ಸೋಮವಾರ, ಎಣ್ಣೆ ಮುಗಿದಿದೆಯಾ ಎಂದು ಇವನು ಕೇಳಿದ್ದು.

"ಯಾರೂ ತೆಗೆದಿಲ್ಲ," ಎಂದಳು ನಿಧಾನವಾಗಿ. "ಏಣಿಯ ಮೆಟ್ಟಿಲ ಮೇಲೆ ಫೋನಿಟ್ಟು, ಹತ್ತು ಎಣಿಸೋಕೆ ಹಾಕಿದ್ದು ನಾನು. ಏಣಿಯ ತುದಿಗೆ ಯಾರದೋ ಟೋಪಿ ಸಿಕ್ಕಿಸಿತ್ತು. ಎಲ್ಲರೂ ಕೂಗಿ ಕೂಗಿ ಎಣಿಸ್ತಿದ್ರು. ನಾನು ಓಡಿ ಹೋಗೋ ಹೊತ್ತಿಗೆ ಕಾಲು ಬಟ್ಟೆಗೆ ಸಿಕ್ಕಿ, ಹೂವಿನ ಗುಡ್ಡೆ ಮೇಲೆ ಬೀಳೋದ್ರಲ್ಲಿದ್ದೆ. ಅದಕ್ಕೇ ನಗು ಬಂತು. ಅಷ್ಟೇ." ಸಿಪ್ಪೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ, "ಹಾಜ್‌ಗೆ ಹೇಳಿದ್ದು ನೀನಾ?" ಎಂದು ಕೇಳಿದಳು.

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಚೆನ್ನಾಗಿಯೇ ಬರುತ್ತಿತ್ತು. ಅವಳು ಅವನ ಕಣ್ಣಿನ ಕೆಳಗಿನ ಚರ್ಮವನ್ನು ನೋಡುತ್ತಿದ್ದಾಳೆ ಎಂದು ಅನ್ನಿಸಿತು.

"ನಾನು ಏನೂ ಅಂಥದ್ದು ಹೇಳಲಿಲ್ಲ ವಸೀಲಾ. ಯಾರ ಹೆಸರೂ ಎತ್ತಲಿಲ್ಲ."

"ಹಾಗಾದ್ರೆ ಎಲ್ಲರ ಮೇಲೂ ಹಾಕಿದೆ," ಎಂದಳು ಅವಳು.

ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನವನು ಕೊಳವೆ ಬಡಿದುಕೊಂಡು ಹೋದ. ವಸೀಲಾ ಎದ್ದು ಸುಲಿದ ಬಟಾಣಿಯನ್ನು ಪಾತ್ರೆಗೆ ಸುರಿದಳು, ನೀರು ಹಾಕಿದಳು, ಒಲೆ ಹಚ್ಚಿದಳು. ಅಳುತ್ತಾಳೆಂದು, ಇಲ್ಲವೆ ಪಾತ್ರೆ ಎಸೆಯುತ್ತಾಳೆಂದು ಅವನು ಕಾಯುತ್ತಿದ್ದ. ಅಷ್ಟಾದರೂ ಆದರೆ ಕ್ಷಮೆ ಕೇಳುವುದಕ್ಕೊಂದು ದಾರಿ ಸಿಗುತ್ತಿತ್ತು. ಅವಳು ಸಾರಿಗೆ ಉಪ್ಪು ನೋಡಿದಳು. ಲಸಾದನ ಬಗ್ಗೆ ಅವಳ ಮನಸ್ಸಿನಲ್ಲಿ ಏನಾದರೂ, ಒಂದು ಚೂರಾದರೂ, ಎಂದು ಈಗಲೂ ಒಳಗೆ ಏನೋ ಕೆದಕುತ್ತಿತ್ತು. ತನ್ನ ಒಳಗೇ ಬೇರೆ ಯಾರೋ ಬಾಡಿಗೆಗೆ ಬಂದು ಕೂತಿದ್ದಾನೆ, ಬಿಡಿಸುವುದು ಹೇಗೆಂದು ತಿಳಿಯದು ಎಂದು ಅನ್ನಿಸಿ ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಊಟದ ನಡುವೆ ಅವಳು, ನಾಳೆ ಬೆಳಿಗ್ಗೆ ನನ್ನ ಜೊತೆ ಬಾ ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಮೊದಲು ಹೆಂಗಸರ ಮನೆಗಳು, ಆಮೇಲೆ ಹಾಜ್, ಕೊನೆಗೆ ಬನೀ ಖ್ಯಾರಿಗೆ, ಲಸಾದನ ಹತ್ತಿರ ಎಂದು ಅವಳೇ ಹೇಳಿದಳು. ಅಲ್ಲಿಗೆ ಫೋನಿನಲ್ಲಿ ಹೇಳಿದರೆ ಸಾಲದೇ ಎಂದ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಭಾನುವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು, ಗಾಳಿಯಲ್ಲಿ ಸಮುದ್ರದ ಉಪ್ಪಿತ್ತು. ಶಾದ್ಲಿ ಅಭ್ಯಾಸಬಲದಿಂದ ಕ್ಯಾಮೆರಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಅವಳ ಮುಖ ನೋಡಿ ಕೆಳಗಿಟ್ಟ. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವಳು ನಮಸ್ಕಾರ ಹೇಳಿದಳು; ಅವನೂ ಹೇಳಿದ. ಖಾಲ್ತಿ ದೂಜಾಳ ಮನೆ ಕುಂಬಾರರ ಓಣಿಯ ಕೊನೆಯಲ್ಲಿತ್ತು. ಹಸಿರು ಬಾಗಿಲು, ಪಕ್ಕದಲ್ಲಿ ಒಣಗಲು ಇಟ್ಟ ಹೂಜಿಗಳ ಸಾಲು. ವಸೀಲಾ ತಟ್ಟಲಿಲ್ಲ; ಪಕ್ಕಕ್ಕೆ ಸರಿದು ನಿಂತಳು. ಅವನು ತಟ್ಟಿದ.

ಮನೆಯಲ್ಲಿ ಸಫ್ಸಾರಿಯಿಲ್ಲದೆ ಖಾಲ್ತಿ ದೂಜಾ ತೀರ ಸಣ್ಣವಳಾಗಿ ಕಂಡಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ದಾರಿಯಲ್ಲಿ ಅವನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ತಪ್ಪು ತಿಳುವಳಿಕೆ ಎಂಬುದಿತ್ತು, ಯಾರದೋ ಕೆಟ್ಟ ಘಳಿಗೆ ಎಂಬುದಿತ್ತು, ಹಾಜ್ ಬೇರೆ ಅರ್ಥ ಮಾಡಿಕೊಂಡ ಎಂಬುದಿತ್ತು. ಅವು ಯಾವುವೂ ಬಾಯಿಗೆ ಬರಲಿಲ್ಲ.

"ಖಾಲ್ತಿ, ತೋಟದ ಬಗ್ಗೆ ಆ ಮಾತು ಆಡಿದ್ದು ನಾನು. ನನ್ನ ಹೆಂಡತಿಯನ್ನ ಅನುಮಾನಿಸಿ ಆಡಿದೆ. ಅಲ್ಲಿ ಏನೂ ಇರಲಿಲ್ಲ."

ಎದುರು ಮನೆಯ ಕಿಟಕಿಯಲ್ಲಿ ಬಟ್ಟೆ ಒಣಹಾ­ಕುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಖಾಲ್ತಿ ದೂಜಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಗೊತ್ತು. ಯಾರು ತೆಗೆದದ್ದು ಅಂತ ನೀನು ಕೇಳಿದಾಗಲೇ ಗೊತ್ತಾಯ್ತು," ಎಂದಳು. "ಆಗಲೇ ಕಪಾಳಕ್ಕೆ ಕೊಡಬೇಕಿತ್ತು. ಕೊಡಲಿಲ್ಲ. ಅದು ನನ್ನ ತಪ್ಪು." ಆಮೇಲೆ ಅವನ ಭುಜದಾಚೆಗೆ ನೋಡಿ, ದನಿ ಬದಲಿಸಿ, "ನೀನು ಒಳಗೆ ಬಾ ಮಗಳೇ, ರೊಟ್ಟಿ ಬಿಸಿ ಇದೆ," ಎಂದಳು.

ವಸೀಲಾ ಅವನನ್ನು ದಾಟಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಅವನನ್ನು ಕರೆಯಲೂ ಇಲ್ಲ. ಒಳಗಿನಿಂದ ಕುರ್ಚಿ ಎಳೆದ ಸದ್ದು, ಇಬ್ಬರ ತಗ್ಗಿದ ಮಾತು ಕೇಳುತ್ತಿತ್ತು. ಏನು ಮಾತಾಡುತ್ತಿದ್ದಾರೆ ಎಂದು ಅವನ ಕಿವಿ ತಾನಾಗಿ ಬಾಗಿಲ ಕಡೆ ವಾಲಿತು. ಗೊತ್ತಾಗಿ, ಎರಡು ಹೆಜ್ಜೆ ಹಿಂದಕ್ಕೆ, ಮಾತು ಕೇಳಿಸದಷ್ಟು ದೂರಕ್ಕೆ ಹೋಗಿ ಓಣಿಯ ನಡುವೆ ನಿಂತ. ಕಿಟಕಿಯ ಹೆಂಗಸು ಇನ್ನೂ ನೋಡುತ್ತಿದ್ದಳು. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹೆಂಗಸರ ಮನೆಗಳೇ ಇನ್ನೂ ಒಂಬತ್ತಿದ್ದವು.